ಬಲಕ್ಕೆ ತಿರುಗದ ಸ್ಕೇಟ್: ಆರು ವಾರದ ರಿಪೇರಿ

ಎಡಕ್ಕೆ ತಿರುಗುವಾಗ ನನ್ನ ಸ್ಕೇಟ್ ಹೇಳಿದ ಮಾತು ಕೇಳುತ್ತದೆ. ಬಲಕ್ಕೆ ತಿರುಗುವಾಗ ಕೇಳುವುದಿಲ್ಲ. ಜಾರುತ್ತದೆ, ಅಗಲಕ್ಕೆ ಹೋಗುತ್ತದೆ, ಇದ್ದ ವೇಗವೂ ಸತ್ತುಹೋಗುತ್ತದೆ. ಐಸ್ ಹಾಕಿಯಲ್ಲಿ ಇದು ಸಣ್ಣ ಕೊರತೆ ಅಲ್ಲ. ಎದುರಾಳಿ ಪಕ್ (ಆಟದ ರಬ್ಬರ್ ಬಿಲ್ಲೆ) ಹಿಡಿದು ನನ್ನ ಬಲಗಡೆಯಿಂದ ನುಗ್ಗಿದರೆ, ನಾನು ದೊಡ್ಡ ಸುತ್ತು ಹಾಕಿ ಬರುವಷ್ಟರಲ್ಲಿ ಅವನು ಗೋಲಿನ ಮುಂದೆ ಇರುತ್ತಾನೆ. ಎರಡು ಸೀಸನ್ ಹೀಗೇ ಕಳೆದವು. ಇನ್ನೂ ಜಾಸ್ತಿ ಅಭ್ಯಾಸ ಮಾಡಬೇಕು ಅಂದುಕೊಂಡು, ಅದೇ ತಪ್ಪನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿದೆ.

ಈ ಸಲ ಬೇರೆ ದಾರಿ ಹಿಡಿದೆ. ಕೆಟ್ಟ ಮೋಟರನ್ನು ಮೆಕ್ಯಾನಿಕ್ ನೋಡುವ ಹಾಗೆ ನನ್ನ ಬಲ ತಿರುವನ್ನು ನೋಡಲು ಹೊರಟೆ. ಮೊದಲು ಅಳತೆ. ಆಮೇಲೆ ಒಂದೊಂದೇ ಭಾಗದ ಪರೀಕ್ಷೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಆರು ವಾರ, ವಾರಕ್ಕೆ ಎರಡು ಸಲ ಐಸ್ ಮೇಲೆ ಇಳಿದೆ. ಪ್ರತಿ ಸಲವೂ ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ಮೊದಲ ಅಳತೆ

ಅಳತೆಗೆ ಬೇಕಾದದ್ದು ರಿಂಕ್ (ಆಟದ ಐಸ್ ಅಂಗಳ) ಮೇಲೆಯೇ ಬರೆದಿರುತ್ತದೆ. ಪಕ್ ಬಿಟ್ಟು ಆಟ ಶುರು ಮಾಡುವ ಫೇಸ್‌ಆಫ್ ವೃತ್ತದ ತ್ರಿಜ್ಯ ಸುಮಾರು 4.5 ಮೀಟರ್. ಗೆರೆಯ ಮೇಲೆಯೇ ಒಂದು ಸುತ್ತು ಹೋದರೆ 28 ಮೀಟರ್ ಚಿಲ್ಲರೆ. ಕ್ರಾಸ್‌ಓವರ್ ಹಾಕುತ್ತಾ, ಅಂದರೆ ಹೊರಗಿನ ಕಾಲನ್ನು ಒಳಗಿನ ಕಾಲಿನ ಮೇಲಿಂದ ದಾಟಿಸುತ್ತಾ, ಗೆರೆ ಬಿಡದೆ, ಎರಡೂ ದಿಕ್ಕಿಗೆ ಐದೈದು ಸುತ್ತು ಹೋದೆ. ಜೊತೆಯ ಆಟಗಾರ ಸ್ಟಾಪ್‌ವಾಚ್ ಹಿಡಿದಿದ್ದ. ಸರಾಸರಿ ಹೀಗೆ ಬಂತು: ಎಡಕ್ಕೆ 6.3 ಸೆಕೆಂಡ್, ಬಲಕ್ಕೆ 7.6 ಸೆಕೆಂಡ್.

ಈ ಎರಡು ಅಂಕಿಯಿಂದ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ವೃತ್ತದಲ್ಲಿ ಹೋಗುವಾಗ ಬೀಳದೆ ಇರಬೇಕಾದರೆ ಮೈ ಎಷ್ಟು ವಾಲಬೇಕು ಅನ್ನುವುದನ್ನು ವೇಗ ಮತ್ತು ತ್ರಿಜ್ಯ ಎರಡೇ ತೀರ್ಮಾನ ಮಾಡುತ್ತವೆ. ತೂಕಕ್ಕೆ ಅದರಲ್ಲಿ ಪಾತ್ರವೇ ಇಲ್ಲ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿ, ಮತ್ತೆ 9.8ರಿಂದ ಭಾಗಿಸಿದರೆ ಸಿಗುವುದು ವಾಲುವ ಕೋನದ ಟ್ಯಾನ್. ಎಡಕ್ಕೆ ನನ್ನ ವೇಗ ಸೆಕೆಂಡಿಗೆ 4.5 ಮೀಟರ್, ವಾಲಿಕೆ ಸುಮಾರು 25 ಡಿಗ್ರಿ. ಬಲಕ್ಕೆ ವೇಗ 3.7 ಮೀಟರ್, ವಾಲಿಕೆ 17 ಡಿಗ್ರಿ. ಅಂದರೆ ಬಲಕ್ಕೆ ನಾನು ನಿಧಾನ ಇರುವುದು ಕಾಲಿನಲ್ಲಿ ಶಕ್ತಿ ಇಲ್ಲ ಅಂತ ಅಲ್ಲ. 17 ಡಿಗ್ರಿಗಿಂತ ಜಾಸ್ತಿ ವಾಲಲು ಮೈ ಒಪ್ಪುತ್ತಿಲ್ಲ. ಏಕೆ ಒಪ್ಪುತ್ತಿಲ್ಲ ಅನ್ನುವುದೇ ಹುಡುಕಬೇಕಾದ ಪ್ರಶ್ನೆ.

ಒಂದು ಎಚ್ಚರಿಕೆ ಮೊದಲೇ ಬರೆದಿಟ್ಟುಕೊಂಡೆ. ಅಳತೆಯನ್ನು ಯಾವಾಗಲೂ ಮೊದಲ ಹದಿನೈದು ನಿಮಿಷದಲ್ಲಿ ಮಾತ್ರ ತೆಗೆಯಬೇಕು. ಹಾಕಿ ಐಸ್ ಸುಮಾರು −5 ಡಿಗ್ರಿಯಲ್ಲಿ ಗಟ್ಟಿಯಾಗಿರುತ್ತದೆ. ಗಂಟೆ ಕಳೆಯುವಷ್ಟರಲ್ಲಿ ಮೇಲೆ ಪುಡಿ ಕೂರುತ್ತದೆ, ಗೀರುಗಳು ಬೀಳುತ್ತವೆ. ಆ ಐಸ್ ಮೇಲಿನ ಸಮಯವನ್ನು ಹೊಸ ಐಸ್‌ನ ಸಮಯದ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಐಸ್ ಮೇಲಿನ ಗೆರೆ

ಐಸನ್ನು ಕೆರೆದು ನೀರು ಹಾಕಿ ನಯ ಮಾಡುವ ಯಂತ್ರ ಹೋದ ತಕ್ಷಣ ರಿಂಕ್‌ಗೆ ಇಳಿದವರಿಗೆ ಗೊತ್ತು, ಆಗ ಮೇಲ್ಮೈ ಒದ್ದೆ ಸ್ಲೇಟಿನ ಹಾಗಿರುತ್ತದೆ. ಒಂದೇ ಒಂದು ಗೀರೂ ಇರುವುದಿಲ್ಲ. ಈ ಐದು ನಿಮಿಷ ನಿಮ್ಮ ಸ್ಕೇಟ್ ಏನು ಮಾಡುತ್ತಿದೆ ಅನ್ನುವುದನ್ನು ಐಸೇ ಬರೆದು ತೋರಿಸುತ್ತದೆ.

ಸ್ಕೇಟ್ ಬ್ಲೇಡಿನ ತಳ ಚಪ್ಪಟೆ ಅಲ್ಲ. ಅಗಲ ಸುಮಾರು 3 ಮಿಲಿಮೀಟರ್, ನಡುವೆ ಉದ್ದಕ್ಕೂ ಒಂದು ತೋಡು, ಅದರ ಎರಡು ಬದಿಗೆ ಎರಡು ಅಂಚು. ಪಾದದ ಒಳಬದಿಗೆ ಇರುವುದು ಒಳ ಅಂಚು, ಹೊರಬದಿಗೆ ಇರುವುದು ಹೊರ ಅಂಚು. ನೆಟ್ಟಗೆ ನಿಂತು ಜಾರಿದರೆ ಎರಡೂ ಅಂಚು ಊರುತ್ತವೆ, ಐಸ್ ಮೇಲೆ ಜೋಡಿ ಗೆರೆ ಬೀಳುತ್ತದೆ. ವಾಲಿದರೆ ಒಂದೇ ಅಂಚು, ಒಂದೇ ಗೆರೆ.

ಎಡಗಾಲಿನ ಹೊರ ಅಂಚಿನ ಮೇಲೆ ಅರ್ಧ ವೃತ್ತ ಜಾರಿದೆ. ಆಮೇಲೆ ಬಲಗಾಲಿನ ಹೊರ ಅಂಚಿನ ಮೇಲೆ ಇನ್ನೊಂದು. ವಾಪಸ್ ಬಂದು ಮಂಡಿಯೂರಿ ಎರಡನ್ನೂ ಹತ್ತಿರದಿಂದ ನೋಡಿದೆ. ಎಡಗಾಲಿನ ಗೆರೆ ಚೂಪಾದ ಪೆನ್ಸಿಲ್‌ನಲ್ಲಿ ಎಳೆದ ಹಾಗಿತ್ತು, ಕೂದಲಿನಷ್ಟು ಸಣ್ಣ, ಆರಂಭದಿಂದ ಕೊನೆಯವರೆಗೆ ಒಂದೇ. ಬಲಗಾಲಿನದು ಒಂದು ಮೊಳದವರೆಗೆ ಸರಿಯಾಗಿತ್ತು. ಅಲ್ಲಿಂದ ಪಕ್ಕದಲ್ಲಿ ಇನ್ನೊಂದು ತೆಳು ಗೆರೆ ಹುಟ್ಟಿಕೊಂಡಿತ್ತು. ಇನ್ನೂ ಮುಂದೆ ಎರಡೂ ಸೇರಿ, ಬೆರಳಿನಷ್ಟು ಅಗಲದ ಬಿಳಿ ಪುಡಿಯ ಪಟ್ಟೆಯಾಗಿತ್ತು. ಪುಡಿ ಬಂದಿದೆ ಅಂದರೆ ಬ್ಲೇಡ್ ಕೊರೆದಿಲ್ಲ, ಅಡ್ಡಕ್ಕೆ ಕೆರೆದಿದೆ.

ಬಲಕ್ಕೆ ತಿರುಗುವಾಗ ಒಳಗಿನ ಕಾಲು ಬಲಗಾಲು. ಅದು ನಿಲ್ಲಬೇಕಾದದ್ದು ಹೊರ ಅಂಚಿನ ಮೇಲೆ. ಅದೇ ಅಂಚು ಮಧ್ಯದಲ್ಲಿ ಕೈಬಿಡುತ್ತಿದೆ. ಎರಡು ಸೀಸನ್ ಹುಡುಕದ ಜಾಗ ಐದು ನಿಮಿಷದಲ್ಲಿ ಸಿಕ್ಕಿತು.

ಉಕ್ಕಿನ ಕಡೆ ನೋಡಿದಾಗ

ಕಾಲಿಗಿಂತ ಮೊದಲು ಉಕ್ಕನ್ನು ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಉಕ್ಕಿನ ತಪ್ಪು ಒಂದು ಸಂಜೆಯಲ್ಲಿ ಸರಿಹೋಗುತ್ತದೆ. ಅದು ಇರುವಾಗಲೇ ಕಾಲಿಗೆ ಪಾಠ ಹೇಳಿದರೆ, ಕಾಲು ಆ ತಪ್ಪಿಗೆ ಹೊಂದಿಕೊಳ್ಳುವುದನ್ನು ಕಲಿಯುತ್ತದೆ.

ರಿವೆಟ್‌ಗಳು ಬಿಗಿಯಾಗಿದ್ದವು. ಬ್ಲೇಡನ್ನು ಬೂಟಿಗೆ ಹಿಡಿದಿಡುವ ಹೋಲ್ಡರ್‌ನಲ್ಲಿ ಬಿರುಕು ಇಲ್ಲ. ಬ್ಲೇಡನ್ನು ಕಣ್ಣಿನ ಮುಂದೆ ಹಿಡಿದು ಉದ್ದಕ್ಕೂ ನೋಡಿದೆ, ಬಾಗಿಲ್ಲ. ಆಮೇಲೆ ಎಡ್ಜ್ ಚೆಕರ್ ಇಟ್ಟೆ. ಇದು ತುಂಬಾ ಸರಳ ಸಾಧನ. ಒಂದು ಭಾಗ ಆಯಸ್ಕಾಂತ, ಬ್ಲೇಡಿನ ಪಕ್ಕಕ್ಕೆ ಅಂಟಿ ನಿಲ್ಲುತ್ತದೆ. ಇನ್ನೊಂದು ಸಣ್ಣ ಕಡ್ಡಿ, ಎರಡು ಅಂಚಿನ ಮೇಲೆ ಅಡ್ಡಲಾಗಿ ಕೂರುತ್ತದೆ. ಅಂಚುಗಳು ಸಮವಾಗಿದ್ದರೆ ಕಡ್ಡಿ ಗೆರೆಗಳಿಗೆ ಸರಿಯಾಗಿ ಹೊಂದುತ್ತದೆ. ಸಾಧನ ಇಲ್ಲದಿದ್ದರೆ ಸಣ್ಣ ಮೂಲೆಮಟ್ಟ ಸಾಕು. ಒಂದು ಕೈ ಬ್ಲೇಡಿನ ಪಕ್ಕಕ್ಕೆ, ಇನ್ನೊಂದು ಅಂಚುಗಳ ಮೇಲೆ, ಬೆಳಕಿಗೆ ಹಿಡಿದು ಸಂದು ನೋಡಬೇಕು.

ಎಡ ಸ್ಕೇಟಿನಲ್ಲಿ ಕಡ್ಡಿ ನೇರವಾಗಿತ್ತು. ಬಲ ಸ್ಕೇಟಿನಲ್ಲಿ ಹೊರಗಡೆಗೆ ವಾಲಿತ್ತು. 6 ಸೆಂಟಿಮೀಟರ್ ಉದ್ದದ ಕಡ್ಡಿಯ ಎರಡು ತುದಿಗಳ ನಡುವೆ ಸುಮಾರು 1 ಮಿಲಿಮೀಟರ್ ವ್ಯತ್ಯಾಸ. ಒಂದು ಡಿಗ್ರಿ ಓರೆ ಅಂದ ಹಾಗೆ. ಬ್ಲೇಡಿನ 3 ಮಿಲಿಮೀಟರ್ ಅಗಲಕ್ಕೆ ಇಳಿಸಿದರೆ, ಹೊರ ಅಂಚು ಒಳ ಅಂಚಿಗಿಂತ 0.05 ಮಿಲಿಮೀಟರ್ ಗಿಡ್ಡ.

ಇಷ್ಟು ಸಣ್ಣ ಅಂಕಿ ನೋಡಿ ಬಿಟ್ಟುಬಿಡಬೇಡಿ. ನನ್ನ ಬ್ಲೇಡಿನ ತೋಡು ಅರ್ಧ ಇಂಚು ತ್ರಿಜ್ಯದ್ದು. ಅಂದರೆ 12.7 ಮಿಲಿಮೀಟರ್ ತ್ರಿಜ್ಯದ ವೃತ್ತದ ಒಂದು ಚೂರು. ಅಷ್ಟು ಸಪೂರ ಬ್ಲೇಡಿನಲ್ಲಿ ಆ ತೋಡಿನ ಆಳ ಬರುವುದೇ ಸುಮಾರು 0.09 ಮಿಲಿಮೀಟರ್. ಹಾಕಿ ಆಟಗಾರನ ಎಲ್ಲ ತಿರುವು, ಎಲ್ಲ ನಿಲುಗಡೆ, ಎಲ್ಲ ತಳ್ಳುವಿಕೆ ಈ 0.09 ಮಿಲಿಮೀಟರ್‌ ಮೇಲೆ ನಿಂತಿದೆ. ಅದರಲ್ಲಿ 0.05 ಒಂದು ಕಡೆ ಹೋದರೆ ಉಳಿಯುವುದೇನು? ಗಿಡ್ಡ ಅಂಚಿನ ಮೂಲೆ ಮೊಂಡಾಗುತ್ತದೆ, ಎತ್ತರದ ಅಂಚಿನ ಮೂಲೆ ಚೂಪಾಗುತ್ತದೆ. ನನ್ನ ಬಲ ಒಳ ಅಂಚು ಅಷ್ಟು ಚೆನ್ನಾಗಿ ಕಚ್ಚುತ್ತಿದ್ದುದಕ್ಕೂ, ಹೊರ ಅಂಚು ಕೈಬಿಡುತ್ತಿದ್ದುದಕ್ಕೂ ಕಾರಣ ಒಂದೇ.

ಸಾಣೆ

ಹಿಂದಿನ ಸಲ ಸಾಣೆ ಹಿಡಿದಾಗ ಸ್ಕೇಟನ್ನು ಯಂತ್ರದ ಚಕ್ರದ ನಡುವಿಗೆ ಸರಿಯಾಗಿ ಕೂರಿಸಿರಲಿಲ್ಲ. ಹೆಚ್ಚಿನ ಯಂತ್ರಗಳಲ್ಲಿ ಸ್ಕೇಟನ್ನು ಅಡ್ಡ ಮಲಗಿಸಿ ಹಿಡಿಯುವ ಒಂದು ಹಿಡಿಕೆ ಇರುತ್ತದೆ. ಅದರಲ್ಲಿ ಎತ್ತರ ಹೊಂದಿಸುವ ತಿರುಪು ಇರುತ್ತದೆ. ಚಕ್ರದ ಅಂಚು ಉಬ್ಬಿಕೊಂಡಿರುತ್ತದೆ. ಆ ಉಬ್ಬಿನ ನಡು ಬ್ಲೇಡಿನ ನಡುವಿಗೆ ಕೂತರೆ ಅಂಚುಗಳು ಸಮ. ಸ್ವಲ್ಪ ಮೇಲೆ ಕೆಳಗೆ ಆದರೆ ಒಂದು ಅಂಚು ಗಿಡ್ಡ.

ತಂಡದ ಬಳಿ ಇರುವ ಯಂತ್ರದಲ್ಲಿ ನಾನೇ ಕೂತು ಮಾಡಿದೆ. ಮಾರ್ಕರ್ ಪೆನ್ನಿನಿಂದ ತೋಡಿನ ಉದ್ದಕ್ಕೂ ಕಪ್ಪು ಬಳಿದೆ. ಚಕ್ರಕ್ಕೆ ತೀರಾ ಹಗುರವಾಗಿ ಒಂದು ಸಲ ತಾಗಿಸಿ ತೆಗೆದೆ. ಹೊಸ ಬೆಳ್ಳಿ ಪಟ್ಟಿ ಒಳ ಅಂಚಿನ ಕಡೆಗೆ ಬಿದ್ದಿತ್ತು, ಹೊರ ಅಂಚಿನ ಕಡೆ ಕಪ್ಪು ಹಾಗೇ ಉಳಿದಿತ್ತು. ಈ ಸಲ ಬ್ಲೇಡ್ ನಡುವಿಗೆ ಬಂದಿಲ್ಲ ಅಂತ ಅದೇ ಹೇಳಿತು. ತಿರುಪನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿದೆ. ಮತ್ತೆ ಬಳಿದೆ, ಮತ್ತೆ ತಾಗಿಸಿದೆ. ನಾಲ್ಕನೇ ಸಲಕ್ಕೆ ಪಟ್ಟಿ ಸರಿಯಾಗಿ ನಡುವೆ ಬಂತು. ಆಮೇಲೆ ಒಂದೇ ವೇಗದಲ್ಲಿ, ಒಂದೇ ಒತ್ತಡದಲ್ಲಿ, ತುದಿಯಿಂದ ತುದಿಗೆ ಎಳೆದೆ. ಆತುರಪಟ್ಟು ಒಂದೇ ಕಡೆ ನಿಲ್ಲಿಸಿದರೆ ಅಲ್ಲಿ ಗುಳಿ ಬೀಳುತ್ತದೆ.

ಸಾಣೆ ಮುಗಿದ ಮೇಲೆ ಅಂಚಿನಲ್ಲಿ ಉಕ್ಕಿನ ಸಣ್ಣ ಸಿಬರು ಎದ್ದಿರುತ್ತದೆ. ನಯವಾದ ಸಾಣೆಕಲ್ಲನ್ನು ಬ್ಲೇಡಿನ ಪಕ್ಕಕ್ಕೆ ಚಪ್ಪಟೆಯಾಗಿ ಒತ್ತಿ ಎರಡು ಸಲ ಎಳೆದರೆ ಹೋಗುತ್ತದೆ. ಕಲ್ಲು ಓರೆಯಾದರೆ ಮಾಡಿದ ಕೆಲಸ ಹಾಳು. ಕೊನೆಗೆ ಉಗುರಿನ ಪರೀಕ್ಷೆ. ಉಗುರನ್ನು ಅಂಚಿಗೆ ಅಡ್ಡವಾಗಿ ಮೆಲ್ಲಗೆ ಎಳೆದರೆ ಉಗುರಿನ ಪುಡಿ ಬರಬೇಕು. ಮುಂದೆ, ನಡುವೆ, ಹಿಂದೆ, ಎರಡೂ ಅಂಚಿಗೆ. ಚೆಕರ್ ಮತ್ತೆ ಇಟ್ಟೆ. ಕಡ್ಡಿ ನೇರ.

ತೋಡಿನ ತ್ರಿಜ್ಯವನ್ನು ಬದಲಿಸಲಿಲ್ಲ. ಆಸೆಯೇನೋ ಆಯಿತು. ಅರ್ಧ ಇಂಚಿನಿಂದ ಎಂಟನೇ ಮೂರು ಇಂಚಿಗೆ ಇಳಿಸಿದರೆ ತೋಡು ಆಳವಾಗುತ್ತದೆ, ಅಂಚು ಜಾಸ್ತಿ ಕಚ್ಚುತ್ತದೆ. ಆದರೆ ಜಾರುವಾಗ ಎಳೆತ ಹೆಚ್ಚುತ್ತದೆ, ಅಡ್ಡ ನಿಲ್ಲಿಸುವಾಗ ಕಾಲು ತಡೆಯುತ್ತದೆ. ಹಗುರ ಮೈಯವರಿಗೆ, ಗಟ್ಟಿ ಐಸ್‌ಗೆ ಆಳದ ತೋಡು ಒಪ್ಪುತ್ತದೆ. ತೂಕದವರಿಗೆ, ಮೆತ್ತಗಿನ ಐಸ್‌ಗೆ ಎಂಟನೇ ಐದು ಇಂಚಿನಂಥ ತೆಳು ತೋಡು ಸಾಕು. ಈಗಲೇ ಅದನ್ನೂ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ, ಅಲ್ವಾ?

ಎರಡನೇ ವಾರ: 7.1

ಬಲಕ್ಕೆ 7.6 ಇದ್ದದ್ದು 7.1 ಆಯಿತು. ಕಾಲಿಗೆ ಏನೂ ಹೇಳಿಕೊಡದೆ ಅರ್ಧ ಸೆಕೆಂಡ್ ಸಿಕ್ಕಿತು. ಗೆರೆ ನೋಡಿದೆ. ಮೊದಲಿನ ಎರಡರಷ್ಟು ದೂರ ಒಂಟಿಯಾಗಿ ಹೋಗಿ, ಆಮೇಲೆ ಜೋಡಿಯಾಗಿತ್ತು. ಪುಡಿಯ ಪಟ್ಟೆ ಇರಲಿಲ್ಲ. ಉಕ್ಕಿನ ಪಾಲು ಮುಗಿದಿತ್ತು. ಉಳಿದದ್ದು ನನ್ನದು.

ಜೊತೆಯ ಆಟಗಾರ ಹಿಂದಿನಿಂದ ವಿಡಿಯೋ ತೆಗೆದ. ನಿಧಾನ ಮಾಡಿ ನೋಡುವಾಗ ಅವನೇ ಮೊದಲು ಕಂಡುಹಿಡಿದ.

"ನೋಡು, ಬಲಕ್ಕೆ ಹೋಗುವಾಗ ನಿನ್ನ ಭುಜ ಒಳಗೆ ಬೀಳ್ತಿದೆ. ಸೊಂಟ ಮಾತ್ರ ಹೊರಗೇ ನಿಂತಿದೆ."

"ವಾಲಬೇಕಲ್ವಾ ಮತ್ತೆ?"

"ವಾಲೋದು ಕಾಲಿಂದ ಕಣೋ. ಎಡಗಡೆಯ ವಿಡಿಯೋ ನೋಡು, ಭುಜ ಎಷ್ಟು ಸಮ ಇದೆ."

ಅವನು ಹೇಳಿದ್ದು ಸರಿ. ಎಡಕ್ಕೆ ಹೋಗುವಾಗ ಪಾದ, ಮಂಡಿ, ಸೊಂಟ ಎಲ್ಲ ವೃತ್ತದ ಒಳಗೆ ಸರಿದಿದ್ದವು. ಭುಜಗಳು ಐಸ್‌ಗೆ ಹೆಚ್ಚುಕಮ್ಮಿ ಸಮಾನಾಂತರ. ಬಲಕ್ಕೆ ಹೋಗುವಾಗ ಮೈಯ ಮೇಲ್ಭಾಗ ಮಾತ್ರ ಬಾಗಿತ್ತು. ಅದಕ್ಕೆ ಸಮ ತೂಗಲು ಸೊಂಟ ಹೊರಗೆ ಹೋಗಿತ್ತು, ಸ್ಕೇಟ್ ನೆಟ್ಟಗೆ ಎದ್ದು ನಿಂತಿತ್ತು. ಐಸ್ ಮೇಲಿನ ಜೋಡಿ ಗೆರೆ ಎಲ್ಲಿಂದ ಬಂತು ಅನ್ನುವುದು ಆಗ ಅರ್ಥವಾಯಿತು.

ಲೇಸನ್ನೂ ನೋಡಿದೆ. ಬಲ ಬೂಟಿನ ಮೇಲಿನ ಎರಡು ರಂಧ್ರಗಳನ್ನು ನಾನು ಎಳೆದು ಬಿಗಿಯುತ್ತಿದ್ದೆ. ಕಾಲು ಅಲುಗುತ್ತದೆ ಅನ್ನುವ ಭಯ. ಅದರಿಂದ ಮೊಣಕಾಲು ಮುಂದಕ್ಕೆ ಬಾಗುತ್ತಿರಲಿಲ್ಲ, ಪಾದದ ಕೀಲೂ ಹೊರಗೆ ಹೊರಳುತ್ತಿರಲಿಲ್ಲ. ಹಿಮ್ಮಡಿ ಬೂಟಿನ ಹಿಂಭಾಗಕ್ಕೆ ಗಟ್ಟಿಯಾಗಿ ಕೂರುವ ಹಾಗೆ ನಡುವಿನ ರಂಧ್ರಗಳನ್ನು ಬಿಗಿದು, ಎಲ್ಲಕ್ಕಿಂತ ಮೇಲಿನದನ್ನು ಬಿಟ್ಟೆ. ಮಂಡಿ ತಾನಾಗಿಯೇ ಬೆರಳುಗಳ ಮುಂದಕ್ಕೆ ಬಂತು.

ಐಸ್ ಇಲ್ಲದ ಜಾಗದಲ್ಲೂ ಒಂದು ಪರೀಕ್ಷೆ ಮಾಡಿದೆ. ಬರಿಗಾಲಲ್ಲಿ, ಮಂಡಿ ಸ್ವಲ್ಪ ಬಾಗಿಸಿ, ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲುವುದು. ಎಡಗಾಲಲ್ಲಿ 40 ಸೆಕೆಂಡ್. ಬಲಗಾಲಲ್ಲಿ 12. ಅಂದಿನಿಂದ ದಿನಾ ಎರಡು ನಿಮಿಷ ಬಲಗಾಲಲ್ಲಿ ನಿಂತೆ. ಇದರ ಬಗ್ಗೆ ಬರೆಯಲು ಜಾಸ್ತಿ ಏನೂ ಇಲ್ಲ, ಮಾಡಲು ಇದೆ.

ಮೂರನೇ ವಾರ: ಬಿದ್ದದ್ದು

ಸೊಂಟ ಒಳಗೆ, ಭುಜ ಸಮ ಅಂತ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಬಲಕ್ಕೆ ಚೆನ್ನಾಗಿ ವಾಲಿದೆ. ಬಲಗಾಲು ಒಳಗೆ ಮಡಚಿದ ಹಾಗೆ ಆಗಿ ಸೊಂಟದ ಮೇಲೆ ಬಿದ್ದೆ. ಪ್ಯಾಡ್ ಇತ್ತು, ಹೆಲ್ಮೆಟ್ ಇತ್ತು, ನೋವು ಎರಡು ದಿನದ್ದು. ಪೂರ್ತಿ ಗೇರ್ ಹಾಕದೆ ಈ ಅಭ್ಯಾಸ ಮಾಡಲೇಬೇಡಿ.

ಕಾರಣ ಮೊದಲ ದಿನದ ಲೆಕ್ಕದಲ್ಲೇ ಇತ್ತು. ನಿಧಾನವಾಗಿ ಹೋಗುತ್ತಾ 25 ಡಿಗ್ರಿ ವಾಲಿದ್ದೆ. ವಾಲಿಕೆಯನ್ನು ಹಿಡಿದು ನಿಲ್ಲಿಸುವುದು ವೇಗ. ಸೆಕೆಂಡಿಗೆ 3 ಮೀಟರ್ ವೇಗಕ್ಕೆ ಆ ವೃತ್ತದಲ್ಲಿ 12 ಡಿಗ್ರಿ ಮಾತ್ರ ದಕ್ಕುತ್ತದೆ. ನಿಧಾನದಲ್ಲಿ ಜಾಸ್ತಿ ವಾಲಬೇಕಾದರೆ ವೃತ್ತ ಚಿಕ್ಕದಾಗಬೇಕು. ಹಾಗಾಗಿ ದೊಡ್ಡ ವೃತ್ತ ಬಿಟ್ಟು ಸಣ್ಣ ಅರ್ಧವೃತ್ತಕ್ಕೆ ಬಂದೆ. ರಿಂಕ್‌ಗೆ ಅಡ್ಡಲಾಗಿ ಬಳಿದ ನೀಲಿ ಗೆರೆಯ ಉದ್ದಕ್ಕೂ, ಗೆರೆಯಿಂದ ಶುರು ಮಾಡಿ, ಎಡಗಾಲಿನಿಂದ ಒಮ್ಮೆ ತಳ್ಳಿ, ಬಲಗಾಲಿನ ಹೊರ ಅಂಚಿನ ಮೇಲೆ ಅರ್ಧವೃತ್ತ ಹೋಗಿ ಮತ್ತೆ ಗೆರೆಗೆ ಬರುವುದು. ಮೊದಮೊದಲು ಎರಡು ಮೀಟರ್ ಅಗಲದ ಅರ್ಧವೃತ್ತ. ಅದು ಗಟ್ಟಿಯಾದ ಮೇಲೆ ಮೂರು.

ಈ ಅಭ್ಯಾಸದಲ್ಲಿ ಕಿವಿಯೂ ಕೆಲಸ ಮಾಡುತ್ತದೆ. ಅಂಚು ಸರಿಯಾಗಿ ಹಿಡಿದಾಗ ಬಟ್ಟೆ ಸೀಳಿದಂಥ ಒಂದು ಸರ್ರ್ ಸದ್ದು. ಕೈಬಿಟ್ಟಾಗ ಕರಕರ. ಸದ್ದು ಬದಲಾಗುವ ಕ್ಷಣ ಮತ್ತು ಗೆರೆ ಜೋಡಿಯಾಗುವ ಜಾಗ ಒಂದೇ ಕಡೆ ಬರುತ್ತವೆ. ಕೆಲವು ದಿನ ಆದಮೇಲೆ ಗೆರೆ ನೋಡಲು ಹಿಂದೆ ಹೋಗುವುದೇ ಬೇಕಾಗಲಿಲ್ಲ.

ಕೆಳಗಿನ ಕಾಲು

ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ನಾಲ್ಕನೇ ವಾರ. ಕ್ರಾಸ್‌ಓವರ್ ಅಂದರೆ ಹೊರಗಿನ ಕಾಲನ್ನು ಒಳಗಿನ ಕಾಲಿನ ಮೇಲಿಂದ ದಾಟಿಸಿ ಇಡುವುದು ಅಂತ ಎಲ್ಲರೂ ಶುರುವಿನಲ್ಲಿ ಕಲಿಯುತ್ತೇವೆ. ನಾನೂ ಹಾಗೇ ಕಲಿತೆ. ಆದರೆ ದಾಟುವ ಕಾಲಿನಿಂದ ಸಿಗುವುದು ಅರ್ಧ ಮಾತ್ರ. ಉಳಿದರ್ಧ ಕೆಳಗಿನ ಕಾಲಿನದು. ಬಲಕ್ಕೆ ಹೋಗುವಾಗ ಎಡಗಾಲು ಮೇಲಿಂದ ದಾಟುತ್ತಿರುವ ಹೊತ್ತಿಗೆ, ಬಲಗಾಲು ತನ್ನ ಹೊರ ಅಂಚಿನಿಂದ ಐಸನ್ನು ಒತ್ತಿ, ಮೈಯ ಅಡಿಯಿಂದ ವೃತ್ತದ ಹೊರಗಡೆಗೆ ಪೂರ್ತಿ ಚಾಚಬೇಕು. ಮಂಡಿ ನೇರ ಆಗುವವರೆಗೆ.

ವಿಡಿಯೋದಲ್ಲಿ ನನ್ನ ಬಲಗಾಲು ತಳ್ಳುತ್ತಲೇ ಇರಲಿಲ್ಲ. ಎಡಗಾಲು ಬಂದು ಊರಿದ ತಕ್ಷಣ ಬಲಗಾಲು ಎದ್ದು ಪಕ್ಕಕ್ಕೆ ಬರುತ್ತಿತ್ತು. ಅಂದರೆ ಒಂದು ಸುತ್ತಿನಲ್ಲಿ ನಾನು ಬರೀ ಒಂದು ಕಾಲಿನಿಂದ ತಳ್ಳುತ್ತಿದ್ದೆ.

ಸರಿಮಾಡಲು ಕ್ರಾಸ್‌ಓವರನ್ನು ಎರಡು ತುಂಡು ಮಾಡಿದೆ. ಮೊದಲ ತುಂಡಿನಲ್ಲಿ ಬಲಗಾಲು ಹೊರ ಅಂಚಿನ ಮೇಲೆ ಎದ್ದೇಳದೆ ಜಾರುತ್ತಲೇ ಇರುತ್ತದೆ, ಎಡಗಾಲು ಮಾತ್ರ ತಳ್ಳಿ ತಳ್ಳಿ ವಾಪಸ್ ಬರುತ್ತದೆ. ಇದು ಅಂಚಿಗೆ ತಾಳ್ಮೆ ಕಲಿಸುತ್ತದೆ. ಎರಡನೇ ತುಂಡಿನಲ್ಲಿ ಎಡಗಾಲನ್ನು ಮುಂದೆ ದಾಟಿಸಿ ಒಳ ಅಂಚಿನ ಮೇಲೆ ಊರಿ ಅಲ್ಲೇ ಇಡುತ್ತೇನೆ. ಬಲಗಾಲು ಅಡಿಯಿಂದ ಹೊರಗೆ ಚಾಚುತ್ತದೆ, ಎರಡು ಎಣಿಸುವವರೆಗೆ ಚಾಚಿಯೇ ಇರುತ್ತದೆ, ಆಮೇಲೆ ಮಾತ್ರ ವಾಪಸ್. ಆ ಎರಡು ಎಣಿಕೆ ತೊಡೆಯ ಹೊರಬದಿಯಲ್ಲಿ ಉರಿಯುತ್ತದೆ. ಉರಿಯದಿದ್ದರೆ ಪೂರ್ತಿ ಚಾಚಿಲ್ಲ ಅಂತಲೇ ಲೆಕ್ಕ.

ಕಾನರ್ ಮೆಕ್‌ಡೇವಿಡ್ 2017, 2018, 2019 ಮೂರೂ ವರ್ಷ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್ ಆಲ್‌ಸ್ಟಾರ್‌ನ ಅತಿ ವೇಗದ ಸ್ಕೇಟರ್ ಸ್ಪರ್ಧೆ ಗೆದ್ದವನು. ರಿಂಕ್ ಸುತ್ತ ಒಂದು ಸುತ್ತು ಹಾಕುವ ಸ್ಪರ್ಧೆ ಅದು. ಆ ವಿಡಿಯೋ ನೋಡುವಾಗ ನೇರ ಓಟ ಬಿಟ್ಟು ಮೂಲೆಗಳನ್ನು ನೋಡಿ. ಕೆಳಗಿನ ಕಾಲು ಎಷ್ಟು ದೂರ ಹೋಗುತ್ತದೆ ಅನ್ನುವುದನ್ನೇ ನೋಡಿ. ನಾನು ಒಂದೇ ಮೂಲೆಯನ್ನು ಹತ್ತಾರು ಸಲ ನೋಡಿದ್ದೇನೆ.

ಐದನೇ ವಾರ: ಟೈಟ್ ಟರ್ನ್

ಕ್ರಾಸ್‌ಓವರ್ ದಾರಿಗೆ ಬಂದಮೇಲೆ, ಸಣ್ಣ ಜಾಗದಲ್ಲಿ ಚಕ್ಕನೆ ತಿರುಗುವ ಟೈಟ್ ಟರ್ನ್‌ಗೆ ಕೈ ಹಾಕಿದೆ. ಇಲ್ಲಿ ಎರಡೂ ಸ್ಕೇಟ್ ಐಸ್ ಮೇಲೇ ಇರುತ್ತವೆ. ಒಳಗಿನ ಕಾಲು ಒಂದು ಬೂಟಿನಷ್ಟು ಮುಂದೆ, ಹೊರ ಅಂಚಿನ ಮೇಲೆ. ಹೊರಗಿನ ಕಾಲು ಹಿಂದೆ, ಒಳ ಅಂಚಿನ ಮೇಲೆ. ಮೊದಲು ತಲೆ ತಿರುಗಬೇಕು, ಆಮೇಲೆ ಭುಜ ಮತ್ತು ಸ್ಟಿಕ್, ಕೊನೆಗೆ ಸೊಂಟ. ತೂಕ ಬ್ಲೇಡಿನ ನಡುವಿನಿಂದ ತುಸು ಹಿಮ್ಮಡಿ ಕಡೆಗೆ. ಬೆರಳಿನ ಕಡೆಗೆ ಹೋದರೆ ಬ್ಲೇಡಿನ ಹಿಂಭಾಗ ಹಗುರವಾಗಿ ಹೊರಗೆ ತಿರುಗಿಬಿಡುತ್ತದೆ.

ನನ್ನ ತಪ್ಪು ಒಂದೇ ಇತ್ತು. ಬಲಗಾಲನ್ನು ಮುಂದೆ ಇಡಲು ಅಂಜಿ ಎರಡೂ ಕಾಲನ್ನು ಅಕ್ಕಪಕ್ಕ ಇಡುತ್ತಿದ್ದೆ. ಹಾಗೆ ಇಟ್ಟರೆ ಇಡೀ ಭಾರ ಹೊರಗಿನ ಕಾಲಿನ ಮೇಲೆ ಬಂದು, ತಿರುವಿನ ಅರ್ಧದಲ್ಲಿ ಅದು ಜಾರುತ್ತದೆ. ಒಂದು ಕೋನ್ ಇಟ್ಟು, ಅದನ್ನು ಮುಟ್ಟುವಷ್ಟು ಹತ್ತಿರ ಬಲಗಾಲನ್ನು ಮುಂದೆ ಕಳಿಸಿ, ಕೋನ್ ದಾಟಿದ ಕೂಡಲೇ ಎರಡು ಕ್ರಾಸ್‌ಓವರ್ ಹಾಕಿ ಹೊರಬರುವುದನ್ನು ಮಾಡಿದೆ. ಆಮೇಲೆ ಪಕ್ ಜೊತೆಗೆ. ಪಕ್ ಬಂದ ಕೂಡಲೇ ಕಣ್ಣು ಕೆಳಗೆ ಹೋಗುತ್ತದೆ, ತಲೆ ತಿರುಗುವುದಿಲ್ಲ, ತಿರುವು ಅಗಲವಾಗುತ್ತದೆ. ಈ ಕೆಲಸ ಇನ್ನೂ ನಡೆಯುತ್ತಿದೆ.

ಆರನೇ ವಾರದ ಕೊನೆಗೆ

ಎಡಕ್ಕೆ 6.2. ಬಲಕ್ಕೆ 6.5. ಬಲಕ್ಕೆ ವಾಲಿಕೆ ಈಗ 23 ಡಿಗ್ರಿ. ಮಧ್ಯದಲ್ಲಿ ಒಂದು ಸಲ ಸಾಣೆ ಹಿಡಿದೆ, ಮೊದಲು ಮಾರ್ಕರ್, ಆಮೇಲೆ ಚಕ್ರ. ಪ್ರತಿ ಸಲ ಐಸ್‌ನಿಂದ ಹೊರಬಂದ ಕೂಡಲೇ ಬ್ಲೇಡ್ ಒರೆಸಿ ಒಣಗಿಸುತ್ತೇನೆ. ಪ್ಲಾಸ್ಟಿಕ್ ಗಾರ್ಡ್ ನಡೆಯಲು ಮಾತ್ರ. ಹಾಕಿಯೇ ಬಿಟ್ಟರೆ ನೀರು ಒಳಗೆ ಉಳಿದು ತುಕ್ಕು ಮೊದಲು ತಿನ್ನುವುದು ಆ ಸಣ್ಣ ಅಂಚನ್ನೇ.

ಮುಂದಿನಿಂದ ಹಿಂದಕ್ಕೆ ತಿರುಗುವ ಮೊಹಾಕ್ ಬಲಕ್ಕೆ ಇನ್ನೂ ಬಂದಿಲ್ಲ. ಹಿಮ್ಮಡಿಗಳು ಎದುರುಬದುರಾಗಿ ತೆರೆಯಲು ಸೊಂಟ ಇನ್ನೂ ಸಡಿಲ ಆಗಬೇಕು. ಅದು ಮುಂದಿನ ಆರು ವಾರಕ್ಕೆ.

ನಿನ್ನೆ ಯಂತ್ರ ಹೋದ ಮೇಲೆ ಮೊದಲು ಇಳಿದವನು ನಾನೇ. ಬಲಗಾಲಿನ ಹೊರ ಅಂಚಿನ ಮೇಲೆ ಒಂದು ಅರ್ಧವೃತ್ತ ಹೋಗಿ, ವಾಪಸ್ ಬಂದು ಮಂಡಿಯೂರಿದೆ. ಒಂಟಿ ಗೆರೆ, ಸಪೂರ, ಬಹುತೇಕ ಕೊನೆಯವರೆಗೂ. ಕೊನೆಯ ಒಂದು ಗೇಣು ಮಾತ್ರ ಇನ್ನೂ ಜೋಡಿ. ಅಲ್ಲಿ ಬೆರಳಿಟ್ಟು ನೋಡಿ, ನೋಟ್‌ಬುಕ್‌ನಲ್ಲಿ ಬರೆದುಕೊಂಡೆ: "ಕೊನೆಯ ಗೇಣಿನಲ್ಲಿ ಮಂಡಿ ಮೇಲೇಳುತ್ತಿದೆ. ಕೆಳಗೇ ಇರಲಿ."